ಹೊಗೆ ಓಡಿಸಲು ಹೊರಟ ಜಾನ್ ಈವ್ಲಿನ್

ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗ್‌ನಲ್ಲಿ ವಾಯುಮಾಲಿನ್ಯದ ಅಧ್ಯಾಯ ಬಂದಾಗ ನಾವೆಲ್ಲ ಏನು ಮಾಡ್ತೀವಿ? ಸೈಕ್ಲೋನ್ ಸೆಪರೇಟರ್, ಬ್ಯಾಗ್ ಫಿಲ್ಟರ್, ವೆಟ್ ಸ್ಕ್ರಬ್ಬರ್, ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್ ಇವುಗಳ ಚಿತ್ರ ನೀಟಾಗಿ ಬರೆದು, ಭಾಗಗಳನ್ನು ಗುರುತಿಸಿ, ಹತ್ತು ಮಾರ್ಕ್ಸ್ ತಗೊಂಡು ಮುಂದೆ ಹೋಗ್ತೀವಿ. ಅದೇ ಅಧ್ಯಾಯದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಜೋನಿಂಗ್ ಅಂತ ಒಂದು ಸಣ್ಣ ಪ್ಯಾರಾ ಇರತ್ತೆ. ಕಾರ್ಖಾನೆ ಎಲ್ಲಿರಬೇಕು, ಮನೆ ಎಲ್ಲಿರಬೇಕು, ನಡುವೆ ಎಷ್ಟು ಜಾಗ ಬಿಡಬೇಕು ಅನ್ನೋದು ಅದರ ವಿಷಯ. ಪರೀಕ್ಷೆಗೆ ಅಷ್ಟಾಗಿ ಬರಲ್ಲ ಅಂತ ಅದನ್ನು ಬಿಟ್ಟುಬಿಡೋರೇ ಜಾಸ್ತಿ.

ಆದರೆ ಆ ಸಣ್ಣ ಪ್ಯಾರಾ ಹಿಂದೆ ಒಬ್ಬ ಮನುಷ್ಯನ ದೊಡ್ಡ ಕಥೆ ಇದೆ. ಇದು ಫಿಲ್ಟರೂ ಇಲ್ಲದ, ಆಮ್ಲಜನಕ ಅಂದರೇನು ಅಂತಲೂ ಜಗತ್ತಿಗೆ ಗೊತ್ತಿಲ್ಲದ ಕಾಲ. 1661ರಲ್ಲಿ ಒಬ್ಬ ವ್ಯಕ್ತಿ ಇಡೀ ಲಂಡನ್ ನಗರದ ಗಾಳಿಯನ್ನು ಸರಿಪಡಿಸೋಕೆ ಒಂದು ಯೋಜನೆ ಬರೆದು ರಾಜನ ಕೈಗೆ ಕೊಟ್ಟ. ಅವನ ಹೆಸರು ಜಾನ್ ಈವ್ಲಿನ್. ಇಂಗ್ಲೆಂಡಿನಲ್ಲಿ ಅವನು ದಿನಚರಿ ಬರೆದವನಾಗಿ, ತೋಟಗಳ ಪ್ರೇಮಿಯಾಗಿ ಬಹಳ ಪ್ರಸಿದ್ಧ. ನಾವು ಇಲ್ಲಿ ಅವನನ್ನು ನಗರದ ಗಾಳಿಗೆ ನಕ್ಷೆ ಹಾಕಿದವನಾಗಿ ಪರಿಚಯ ಮಾಡಿಕೊಡ್ತಿದ್ದೀವಿ.

ಮದ್ದಿನ ಮನೆತನದ ಹುಡುಗ

ಈವ್ಲಿನ್ ಹುಟ್ಟಿದ್ದು 1620ರ ಅಕ್ಟೋಬರ್ 31ರಂದು, ಲಂಡನ್ನಿನ ದಕ್ಷಿಣಕ್ಕಿರುವ ಸರ್ರೆ ಪ್ರಾಂತ್ಯದ ವಾಟನ್ ಎಂಬ ಹಳ್ಳಿಯಲ್ಲಿ. ಮನೆ ಶ್ರೀಮಂತರದ್ದು. ಆ ಶ್ರೀಮಂತಿಕೆ ಬಂದದ್ದು ಎಲ್ಲಿಂದ ಗೊತ್ತಾ? ಸಿಡಿಮದ್ದಿನಿಂದ. ಅವನ ಅಜ್ಜ ಜಾರ್ಜ್ ಈವ್ಲಿನ್ ಎಲಿಜಬೆತ್ ರಾಣಿಯ ಕಾಲದಲ್ಲಿ ಸರ್ಕಾರದ ಪರವಾನಗಿ ಪಡೆದು ಗನ್‌ಪೌಡರ್ ತಯಾರಿಸಿ ಹಣ ಮಾಡಿದವನು. ಇದ್ದಿಲು, ಗಂಧಕ, ಪೆಟ್ಲುಪ್ಪು ಬೆರೆಸಿ ಕಟ್ಟಿದ ಮನೆತನದಲ್ಲಿ ಹುಟ್ಟಿದ ಮೊಮ್ಮಗ ಮುಂದೆ ಗಂಧಕದ ಹೊಗೆಯ ವಿರುದ್ಧವೇ ಪುಸ್ತಕ ಬರೆದ.

ಜಾನ್ ಎರಡನೇ ಮಗ. ಆಸ್ತಿ ಅಣ್ಣನಿಗೆ ಹೋಗುವಂಥದ್ದು. ಹುಡುಗ ಬೆಳೆದದ್ದು ಸಸೆಕ್ಸಿನ ಲ್ಯೂವಿಸ್ ಪಟ್ಟಣದಲ್ಲಿ, ತಾಯಿಯ ತವರಿನಲ್ಲಿ. ಆಮೇಲೆ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜು, ಲಂಡನ್ನಿನಲ್ಲಿ ಕಾನೂನು ಓದು. ಅಷ್ಟರಲ್ಲಿ 1642ಕ್ಕೆ ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಶುರುವಾಯ್ತು. ಈವ್ಲಿನ್ ರಾಜನ ಪಕ್ಷದವನು. ಸೈನ್ಯ ಸೇರಲು ಹೋದವನು ಕೆಲವೇ ದಿನಗಳಲ್ಲಿ ವಾಪಸ್ ಬಂದ. ಯುದ್ಧ ಅವನ ಜಾಯಮಾನಕ್ಕೆ ಹೊಂದುವಂಥದ್ದಲ್ಲ. 1643ರಲ್ಲಿ ದೇಶ ಬಿಟ್ಟು ಫ್ರಾನ್ಸ್, ಇಟಲಿ ಸುತ್ತೋಕೆ ಹೊರಟ.

ಈ ತಿರುಗಾಟವೇ ಅವನ ನಿಜವಾದ ಕಾಲೇಜು. ರೋಮಿನ ತೋಟಗಳನ್ನು ನೋಡಿದ. ವೆಸೂವಿಯಸ್ ಜ್ವಾಲಾಮುಖಿ ಹತ್ತಿದ. ಪಾದುವಾದಲ್ಲಿ ಅಂಗರಚನಾಶಾಸ್ತ್ರ ಓದಿ, ಮನುಷ್ಯದೇಹದ ರಕ್ತನಾಳ ಮತ್ತು ನರಗಳನ್ನು ಬಿಡಿಸಿ ಮರದ ಹಲಗೆಗಳ ಮೇಲೆ ಅಂಟಿಸಿದ ಮಾದರಿಗಳನ್ನು ಕೊಂಡು ತಂದ. ಆ ಹಲಗೆಗಳು ಇವತ್ತಿಗೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿವೆ. 1647ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಇಂಗ್ಲಿಷ್ ರಾಜಪ್ರತಿನಿಧಿ ಸರ್ ರಿಚರ್ಡ್ ಬ್ರೌನ್ ಅವರ ಮಗಳು ಮೇರಿಯನ್ನು ಮದುವೆಯಾದ. ಆಗಿನ ಪ್ಯಾರಿಸ್ ಸೌದೆ ಉರಿಸುತ್ತಿದ್ದ ಊರು. ಲಂಡನ್ ಆಗಲೇ ಕಲ್ಲಿದ್ದಲಿಗೆ ತಿರುಗಿತ್ತು. ಎರಡೂ ಊರಿನ ಗಾಳಿ ಕುಡಿದ ಮನುಷ್ಯನಿಗೆ ವ್ಯತ್ಯಾಸ ಗೊತ್ತಾಗದೇ ಇರುತ್ತಾ?

ಲಂಡನ್ನಿನ ಕಲ್ಲಿದ್ದಲು

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳ್ಬೇಕು. ಇಂಗ್ಲೆಂಡಿನ ಕಾಡು ಕರಗುತ್ತಾ ಬಂದಂತೆ ಸೌದೆ ದುಬಾರಿಯಾಯ್ತು. ಉತ್ತರದ ನ್ಯೂಕ್ಯಾಸಲ್‌ನಲ್ಲಿ ಅಗೆದ ಕಲ್ಲಿದ್ದಲು ಹಡಗಿನಲ್ಲಿ ಸಮುದ್ರದ ಮೇಲೆ ಬಂದು ಥೇಮ್ಸ್ ನದಿಯಲ್ಲಿ ಇಳಿಯುತ್ತಿತ್ತು. ಅದಕ್ಕೇ ಅದಕ್ಕೆ ಕಡಲ ಕಲ್ಲಿದ್ದಲು ಅಂತ ಹೆಸರು. ಹದಿನಾಲ್ಕನೇ ಶತಮಾನದ ಶುರುವಿನಲ್ಲೇ ಮೊದಲನೇ ಎಡ್ವರ್ಡ್ ದೊರೆ ಲಂಡನ್ನಿನ ಸುಣ್ಣದ ಗೂಡುಗಳಲ್ಲಿ ಇದನ್ನು ಉರಿಸಬಾರದು ಅಂತ ಆಜ್ಞೆ ಹೊರಡಿಸಿದ್ದ. ಆಜ್ಞೆ ಕಾಗದದ ಮೇಲೆ ಉಳೀತು, ಗೂಡುಗಳು ಉರೀತಾನೇ ಇದ್ವು. ಈವ್ಲಿನ್ ಕಾಲಕ್ಕೆ ಲಂಡನ್ನಿನ ಜನಸಂಖ್ಯೆ ಸುಮಾರು 4 ಲಕ್ಷ. ಬಿಯರ್ ತಯಾರಕರು, ಬಣ್ಣಗಾರರು, ಸುಣ್ಣ ಸುಡುವವರು, ಉಪ್ಪು ಮತ್ತು ಸಾಬೂನು ಕಾಯಿಸುವವರು ಎಲ್ಲರೂ ಊರಿನ ಮಧ್ಯದಲ್ಲೇ, ನದಿ ದಂಡೆಯಲ್ಲೇ ಇದ್ದರು. ನೀರೂ ಅಲ್ಲೇ, ಕಲ್ಲಿದ್ದಲು ಇಳಿಯೋದೂ ಅಲ್ಲೇ, ಗಿರಾಕಿನೂ ಅಲ್ಲೇ. ಜಾಗದ ಆಯ್ಕೆ ಅವರ ಲೆಕ್ಕಕ್ಕೆ ಸರಿಯಾಗೇ ಇತ್ತು. ಊರಿನ ಶ್ವಾಸಕೋಶಕ್ಕೆ ಮಾತ್ರ ಆ ಲೆಕ್ಕ ಸರಿ ಇರಲಿಲ್ಲ.

ಆ ಕಲ್ಲಿದ್ದಲಲ್ಲಿ ಗಂಧಕ ಇತ್ತು. ಉರಿದಾಗ ಸಲ್ಫರ್ ಡೈಆಕ್ಸೈಡ್, ಅದು ಗಾಳಿಯ ತೇವದ ಜೊತೆ ಸೇರಿ ಆಮ್ಲ. ಜೊತೆಗೆ ಅರೆಬರೆ ಉರಿದ ಮಸಿ. ಈ ರಸಾಯನಶಾಸ್ತ್ರ ಅವತ್ತು ಯಾರಿಗೂ ಗೊತ್ತಿರಲಿಲ್ಲ. ಆದರೆ ಪರಿಣಾಮ ಎಲ್ಲರ ಕಣ್ಣೆದುರಿಗೇ ಇತ್ತು.

ಈವ್ಲಿನ್ 1652ರಲ್ಲಿ ಇಂಗ್ಲೆಂಡಿಗೆ ಮರಳಿ, ಹೆಂಡತಿಯ ಮನೆಯವರ ವಶದಲ್ಲಿದ್ದ ಸೇಯ್ಸ್ ಕೋರ್ಟ್ ಎಂಬ ಮನೆಯಲ್ಲಿ ನೆಲೆಸಿದ. ಅದು ಲಂಡನ್ನಿನಿಂದ ಪೂರ್ವಕ್ಕೆ, ನದಿಯ ಕೆಳಹರಿವಿನ ದಿಕ್ಕಿನಲ್ಲಿದ್ದ ಡೆಪ್ಟ್‌ಫರ್ಡ್‌ನಲ್ಲಿತ್ತು. ಪಕ್ಕದಲ್ಲೇ ರಾಜನ ಹಡಗುಕಟ್ಟೆ. ಖಾಲಿ ಹೊಲದಂತಿದ್ದ ಜಾಗದಲ್ಲಿ ಅವನು ದೇಶದಲ್ಲೇ ಹೆಸರಾದ ತೋಟ ಎಬ್ಬಿಸಿದ. ಗಿಡ ಬೆಳೆಸುವವನಿಗೆ ಗಾಳಿಯ ಕೆಡುಕು ಮೊದಲು ಕಾಣೋದು ಎಲೆ ಮೇಲೆ. ಹೂವು ಮುದುಡೋದು, ಹಣ್ಣಿನ ಮೇಲೆ ಮಸಿ ಕೂರೋದು, ಜೇನ್ನೊಣ ಬದುಕದೇ ಇರೋದು ಇವನ್ನೆಲ್ಲ ಅವನು ಗುರುತಿಸಿಕೊಳ್ಳುತ್ತಾ ಹೋದ.

ಆ ವರ್ಷಗಳಲ್ಲಿ ಅವನ ಮನೆಯಲ್ಲಿ ದುಃಖವೂ ಕಡಿಮೆ ಇರಲಿಲ್ಲ. 1658ರ ಜನವರಿಯಲ್ಲಿ ರಿಚರ್ಡ್ ಎಂಬ ಐದು ವರ್ಷದ ಮಗ ಜ್ವರದಿಂದ ತೀರಿಕೊಂಡ. ಆ ವಯಸ್ಸಿಗೇ ಲ್ಯಾಟಿನ್ ಓದುತ್ತಿದ್ದ ಚೂಟಿ ಹುಡುಗ. ಕೆಲವೇ ವಾರಗಳಲ್ಲಿ ಇನ್ನೊಂದು ಹಸುಗೂಸೂ ಹೋಯ್ತು. ಈ ಸಾವುಗಳಿಗೂ ಹೊಗೆಗೂ ಸಂಬಂಧ ಕಟ್ಟೋದು ತಪ್ಪಾಗತ್ತೆ. ಆದರೆ ಲಂಡನ್ನಿನ ಕೆಮ್ಮು, ಕ್ಷಯ, ಸಾವುಗಳ ಬಗ್ಗೆ ಬರೆದವನು ಸಾವನ್ನು ದೂರದಿಂದ ನೋಡಿದವನಲ್ಲ ಅನ್ನೋದನ್ನು ನೆನಪಿಡಬೇಕು.

ಅರಮನೆಗೆ ನುಗ್ಗಿದ ಹೊಗೆ

1659ರಲ್ಲೇ ಈವ್ಲಿನ್ ತನ್ನ ಹೆಸರು ಹಾಕದೆ ಒಂದು ಚಿಕ್ಕ ಪುಸ್ತಕ ಬರೆದು ಲಂಡನ್ನಿನ ಕಲ್ಲಿದ್ದಲ ಮೋಡವನ್ನು ಗೇಲಿ ಮಾಡಿದ್ದ. 1660ರಲ್ಲಿ ಎರಡನೇ ಚಾರ್ಲ್ಸ್ ಮತ್ತೆ ಸಿಂಹಾಸನಕ್ಕೆ ಬಂದ. ಅದೇ ವರ್ಷ ನವೆಂಬರಿನಲ್ಲಿ, ಮುಂದೆ ರಾಯಲ್ ಸೊಸೈಟಿ ಅಂತ ಹೆಸರಾದ ವಿಜ್ಞಾನಸಂಘ ಹುಟ್ಟಿತು. ಈವ್ಲಿನ್ ಅದರ ಮೊದಲ ಸದಸ್ಯರಲ್ಲಿ ಒಬ್ಬ. ಈಗ ರಾಜನ ಕಿವಿಯೂ ಇತ್ತು, ವಿಜ್ಞಾನಿಗಳ ಬಳಗವೂ ಇತ್ತು.

ಒಂದು ದಿನ ಅವನು ವೈಟ್‌ಹಾಲ್ ಅರಮನೆಯಲ್ಲಿ ರಾಜನನ್ನು ಕಾಣಲು ಕಾಯುತ್ತಿದ್ದಾಗ ಹತ್ತಿರದ ಒಂದೆರಡು ಚಿಮಣಿಗಳ ಹೊಗೆ ಅರಮನೆಯೊಳಗೇ ನುಗ್ಗಿತು. ಕೋಣೆಗಳು, ಪಡಸಾಲೆಗಳು ತುಂಬಿ, ಎದುರು ನಿಂತವರ ಮುಖ ಕಾಣದಂತಾಯ್ತು. ಹೊಗೆ ಬಂದದ್ದು ನಾರ್ಥಂಬರ್ಲೆಂಡ್ ಹೌಸ್ ಮತ್ತು ಸ್ಕಾಟ್ಲೆಂಡ್ ಯಾರ್ಡ್ ಕಡೆಯಿಂದ. ರಾಜನ ತಂಗಿಗೇ ಆ ಹೊಗೆಯಿಂದ ಎದೆ ಕಟ್ಟಿದ ತೊಂದರೆ ಆಗಿತ್ತು. ಊರೆಲ್ಲಾ ದಿನಾ ಅನುಭವಿಸುತ್ತಿದ್ದದ್ದು ಅರಮನೆಗೆ ಬಂದಾಗಲಾದರೂ ಮಾತು ಎದ್ದೀತು ಅಂತ ಈವ್ಲಿನ್ ಪೆನ್ನು ಹಿಡಿದ. 1661ರ ಸೆಪ್ಟೆಂಬರಿನಲ್ಲಿ ಫ್ಯುಮಿಫ್ಯೂಜಿಯಂ ಎಂಬ ಪುಸ್ತಕ ರಾಜನ ಕೈಸೇರಿತು. ಲ್ಯಾಟಿನ್ನಿನಿಂದ ಕಟ್ಟಿದ ಆ ಹೆಸರಿನ ಅರ್ಥ, ಹೊಗೆ ಓಡಿಸುವುದು.

ಅವನ ಪುರಾವೆಗಳು

ಇಂಜಿನಿಯರಿಂಗ್ ಓದುವ ನಮಗೆ ಈ ಪುಸ್ತಕ ಇಷ್ಟವಾಗೋದು ಅದರ ವಾದದ ರೀತಿಗೆ. ಸೆನ್ಸರ್ ಇಲ್ಲ, ಪಿಎಂ 2.5 ಮೀಟರ್ ಇಲ್ಲ, ಎಕ್ಯೂಐ ಆ್ಯಪ್ ಇಲ್ಲ. ಆದರೂ ಅವನು ಕೈಗೆ ಸಿಕ್ಕ ಪುರಾವೆಗಳನ್ನೆಲ್ಲ ಜೋಡಿಸಿದ.

ಮೊದಲನೆಯದು, ಮೂಲ ಯಾವುದು ಅನ್ನೋ ಪ್ರಶ್ನೆ. ಮನೆ ಅಡುಗೆ ಒಲೆಗಳ ಹೊಗೆ ಕಡಿಮೆ, ಅದು ಮೇಲೆ ಹೋಗಿ ಚದುರಿಬಿಡತ್ತೆ. ನಿಜವಾದ ತೊಂದರೆ ಕೆಲವೇ ಕೆಲವು ಉದ್ಯಮಗಳ ಚಿಮಣಿಗಳಿಂದ ಅಂತ ಅವನ ವಾದ. ನಾವು ಇವತ್ತು ಪಾಯಿಂಟ್ ಸೋರ್ಸ್, ಏರಿಯಾ ಸೋರ್ಸ್ ಅಂತ ಬೇರ್ಪಡಿಸೋ ಕೆಲಸ ಇದು.

ಎರಡನೆಯದು, ಭಾನುವಾರದ ಪರೀಕ್ಷೆ. ಭಾನುವಾರ ಉದ್ಯಮಗಳ ಒಲೆ ಆರಿರತ್ತೆ, ಮನೆಗಳ ಒಲೆ ಉರೀತಾನೇ ಇರತ್ತೆ. ಅವತ್ತು ಆಕಾಶ ತಿಳಿಯಾಗಿ ಕಾಣತ್ತೆ. ಅಂದ್ರೆ ತಪ್ಪು ಯಾರದ್ದು ಅಂತ ವಾರಕ್ಕೊಮ್ಮೆ ಆಕಾಶವೇ ತೋರಿಸಿಕೊಡ್ತಿದೆ.

ಮೂರನೆಯದು ಇನ್ನೂ ಚೆನ್ನಾಗಿದೆ. ಅಂತರ್ಯುದ್ಧದಲ್ಲಿ ನ್ಯೂಕ್ಯಾಸಲ್ ಮುತ್ತಿಗೆಗೆ ಸಿಕ್ಕಿ ಲಂಡನ್ನಿಗೆ ಕಲ್ಲಿದ್ದಲು ಬರೋದು ನಿಂತುಹೋಗಿತ್ತು. ಆ ವರ್ಷ ಊರಿನ ನಡುವಿನ ತೋಟಗಳಲ್ಲಿ ಹಣ್ಣು ಎಂದೂ ಬಿಡದಷ್ಟು ಬಿಟ್ಟಿತು. ಕಲ್ಲಿದ್ದಲು ವಾಪಸ್ ಬಂದಾಗ ಫಸಲೂ ಹಿಂದಿನಂತಾಯ್ತು. ಯಾರೂ ಯೋಜಿಸದೆ ನಡೆದ ಒಂದು ಪ್ರಯೋಗ ಅದು. ಒಂದು ಚರಾಂಶ ಬದಲಾಯ್ತು, ಫಲಿತಾಂಶ ಬದಲಾಯ್ತು. ತೋಟಗಾರನ ಕಣ್ಣು ಅದನ್ನು ಬಿಡಲಿಲ್ಲ.

ಇದಲ್ಲದೆ ಕಬ್ಬಿಣ ತುಕ್ಕು ಹಿಡಿಯೋದು, ಚಿತ್ರಪಟಗಳು ಹಳದಿಯಾಗೋದು, ಒಣಹಾಕಿದ ಬಟ್ಟೆ ಕಪ್ಪಾಗೋದು, ಚರ್ಚಿನಲ್ಲಿ ಉಪದೇಶದ ನಡುವೆ ಕೆಮ್ಮು ನಿಲ್ಲದೇ ಇರೋದು, ಊರು ಬಿಟ್ಟು ಹೋದವರು ಚೇತರಿಸಿಕೊಳ್ಳೋದು ಇವನ್ನೆಲ್ಲ ಪಟ್ಟಿ ಮಾಡಿದ. ಮರುವರ್ಷ, 1662ರಲ್ಲಿ, ಜಾನ್ ಗ್ರಾಂಟ್ ಎಂಬಾತ ಲಂಡನ್ನಿನ ಸಾವಿನ ಲೆಕ್ಕಗಳನ್ನು ಕೂಡಿಸಿ ಕಳೆದು ಒಂದು ಪುಸ್ತಕ ತಂದ. ಇವತ್ತಿನ ಜನಸಂಖ್ಯಾಶಾಸ್ತ್ರದ ಬೇರು ಅಲ್ಲಿದೆ. ಅವನೂ ಹಳ್ಳಿಗಿಂತ ಲಂಡನ್ನಿನಲ್ಲಿ ಜನ ಹೆಚ್ಚು ಸಾಯೋದಕ್ಕೆ ಕಲ್ಲಿದ್ದಲ ಹೊಗೆಯ ಕಡೆ ಬೆರಳು ತೋರಿಸಿದ.

ಯೋಜನೆ: ಜಾಗ ಬದಲಿಸಿ, ಗಿಡ ಹಾಕಿ

ಈಗ ಪರಿಹಾರ. ಈವ್ಲಿನ್ ಕಲ್ಲಿದ್ದಲನ್ನೇ ನಿಲ್ಲಿಸಿ ಅನ್ನಲಿಲ್ಲ. ಅದು ಆಗದ ಮಾತು ಅಂತ ಅವನಿಗೆ ಗೊತ್ತಿತ್ತು. ಅವನ ಯೋಜನೆಯಲ್ಲಿ ಮುಖ್ಯವಾಗಿ ಎರಡು ಭಾಗ ಇದ್ದವು.

ಒಂದು, ಹೊಗೆಯ ಉದ್ಯಮಗಳನ್ನು ಥೇಮ್ಸ್ ನದಿಯ ಕೆಳಹರಿವಿನ ಕಡೆಗೆ, ನಗರದಿಂದ 5-6 ಮೈಲಿ ದೂರಕ್ಕೆ ಸಾಗಿಸಬೇಕು. ಬರೀ ದೂರ ಅಂತ ಹೇಳಿ ಬಿಡಲಿಲ್ಲ. ಗ್ರೀನಿಚ್ ಆಚೆ ನದಿಗೆ ಚಾಚಿಕೊಂಡ ಒಂದು ದಿಣ್ಣೆಯ ಮರೆಯಲ್ಲಿರಬೇಕು ಅಂತ ನಿರ್ದಿಷ್ಟವಾಗಿ ಬರೆದ. ಲಂಡನ್ನಿನಲ್ಲಿ ವರ್ಷದ ಸುಮಾರು ಒಂಬತ್ತು ತಿಂಗಳು ಪಶ್ಚಿಮದ ಗಾಳಿ ಬೀಸತ್ತೆ. ಉದ್ಯಮಗಳನ್ನು ಇನ್ನೂ ಹತ್ತಿರ ಇಟ್ಟರೆ ಗ್ರೀನಿಚ್‌ನ ರಾಜಭವನವೇ ಹೊಗೆಯಲ್ಲಿ ಮುಳುಗತ್ತೆ ಅಂತ ಕಾರಣ ಕೊಟ್ಟ. ಗಾಳಿಯ ದಿಕ್ಕು, ದೂರ, ನೆಲದ ಏರುತಗ್ಗು ಮೂರನ್ನೂ ಸೇರಿಸಿ ಜಾಗ ಆರಿಸಿದ್ದಾನೆ ನೋಡಿ. ಇವತ್ತು ಒಂದು ಥರ್ಮಲ್ ಪ್ಲಾಂಟ್‌ಗೆ ಜಾಗ ಹುಡುಕುವಾಗ ವಿಂಡ್ ರೋಸ್ ಹಾಕಿ ನಾವು ನೋಡೋದೂ ಇವೇ ಮೂರು.

ಖರ್ಚಿನ ಪ್ರಶ್ನೆಗೂ ಅವನ ಬಳಿ ಉತ್ತರ ಇತ್ತು. ಸರಕು ನದಿ ಮೇಲೆ ಬರಬೇಕಾಗತ್ತೆ, ಸಾವಿರಾರು ದೋಣಿಗರಿಗೆ ಕೆಲಸ ಸಿಗತ್ತೆ. ಊರಿನೊಳಗೆ ಖಾಲಿಯಾದ ನದಿ ದಂಡೆಯ ಜಾಗದಲ್ಲಿ ಒಳ್ಳೆ ಮನೆಗಳನ್ನು ಕಟ್ಟಬಹುದು, ನೆಲದ ಬೆಲೆ ಏರತ್ತೆ. ಕಸಾಯಿಖಾನೆ, ಕೊಬ್ಬು ಕಾಯಿಸುವ ಮೇಣದಬತ್ತಿ ಅಂಗಡಿ, ಸ್ಮಶಾನಗಳೂ ನಗರದ ಆಚೆ ಹೋಗಬೇಕು ಅಂತ ಸೇರಿಸಿದ.

ಎರಡು, ನಗರದ ಸುತ್ತಲಿನ ತಗ್ಗು ಭೂಮಿಯಲ್ಲಿ, ಮುಖ್ಯವಾಗಿ ಪೂರ್ವ ಮತ್ತು ನೈಋತ್ಯ ದಿಕ್ಕಿನಲ್ಲಿ, 20, 30, 40 ಎಕರೆಗಳ ಚೌಕಗಳನ್ನು ಮಾಡಿ ಅವುಗಳ ಬೇಲಿಯುದ್ದಕ್ಕೂ ಸುವಾಸನೆಯ ಗಿಡ ನೆಡಬೇಕು. ಮಲ್ಲಿಗೆ, ಗುಲಾಬಿ, ಲ್ಯಾವೆಂಡರ್, ರೋಸ್ಮರಿ, ಹನಿಸಕಲ್ ಹೀಗೆ ದೊಡ್ಡ ಪಟ್ಟಿಯೇ ಇದೆ. ನಡುವಿನ ಹೊಲದಲ್ಲಿ ಅವರೆ, ಬಟಾಣಿ ಜಾತಿಯ ಬೆಳೆ ಇರಲಿ, ಕೊಳೆತರೆ ನಾರುವ ಕೋಸು ಬೇಡ ಅಂತಲೂ ಹೇಳಿದ! ಸುವಾಸನೆ ಗಾಳಿಯ ವಿಷವನ್ನು ತೊಳೆಯತ್ತೆ ಅನ್ನೋದು ಆ ಕಾಲದ ನಂಬಿಕೆ. ಅದನ್ನು ಇವತ್ತಿನ ವಿಜ್ಞಾನ ಒಪ್ಪಲ್ಲ. ಎಲೆಗಳು ಒಂದಷ್ಟು ಧೂಳನ್ನು ಹಿಡಿಯೋದು ನಿಜ, ಆದರೆ ಉರಿಯೋ ಗೂಡಿನ ಹೊಗೆಯನ್ನು ಮಲ್ಲಿಗೆ ಬಳ್ಳಿ ನುಂಗಲ್ಲ. ಹಾಗಿದ್ದೂ ನಗರದ ಸುತ್ತ ಕಟ್ಟಡ ಬಾರದಂತೆ ಹಸಿರು ಪಟ್ಟಿ ಕಾಯ್ದಿಡಬೇಕು ಅನ್ನೋ ವಿಚಾರ ಮಾತ್ರ ಉಳೀತು. ಇಂಗ್ಲೆಂಡಿನಲ್ಲಿ ಲಂಡನ್ನಿನ ಸುತ್ತ ಗ್ರೀನ್ ಬೆಲ್ಟ್‌ಗಾಗಿ ಕಾನೂನು ಬಂದದ್ದು 1938ರಲ್ಲಿ.

ಮಸೂದೆ ಎಲ್ಲಿ ಹೋಯ್ತು?

ರಾಜನಿಗೆ ಪುಸ್ತಕ ಹಿಡಿಸಿತು. ಅಕ್ಟೋಬರಿನಲ್ಲಿ ಥೇಮ್ಸ್ ಮೇಲೆ ದೋಣಿ ಸ್ಪರ್ಧೆ ನಡೆದಾಗ ಈವ್ಲಿನ್‌ನನ್ನು ಜೊತೆಗೆ ಕೂರಿಸಿಕೊಂಡು ಹೊಗೆಯ ಬಗ್ಗೆ ಏನಾದರೂ ಮಾಡಲೇಬೇಕು ಅಂತ ಮಾತಾಡಿದ. 1662ರ ಜನವರಿಯಲ್ಲಿ ರಾಣಿಯ ವಕೀಲ ಸರ್ ಪೀಟರ್ ಬಾಲ್ ಅವರಿಂದ ಕಾಯ್ದೆಯ ಕರಡೂ ಬಂತು. ಹೊಗೆಗೆ ಕಾರಣವಾದ ಉದ್ಯಮಗಳನ್ನು ಲಂಡನ್ನಿನಿಂದ ಹೊರಗೆ ಸಾಗಿಸೋದು ಅದರ ತಿರುಳು. ಪಾರ್ಲಿಮೆಂಟಿನ ಮುಂದೆ ಇಡೋದೊಂದೇ ಬಾಕಿ.

ಅಲ್ಲಿಗೆ ನಿಂತುಹೋಯ್ತು. ಅದು ಕಾಯ್ದೆಯಾಗಲೇ ಇಲ್ಲ.

ಕಲ್ಲಿದ್ದಲು ಆ ರಾಜ್ಯದಲ್ಲಿ ಎಷ್ಟು ಆಳಕ್ಕೆ ಬೇರು ಬಿಟ್ಟಿತ್ತು ಅಂತ ನೋಡಿದರೆ ಇದು ಆಶ್ಚರ್ಯ ಅನ್ನಿಸಲ್ಲ. ಕಲ್ಲಿದ್ದಲ ಮೇಲೆ ಸುಂಕ ಬರುತ್ತಿತ್ತು. ಕಲ್ಲಿದ್ದಲ ಹಡಗುಗಳಲ್ಲಿ ಪಳಗಿದ ನಾವಿಕರೇ ಯುದ್ಧ ಬಂದಾಗ ನೌಕಾಪಡೆಗೆ ಆಧಾರ. ಊರಿನ ಬಿಯರ್, ಬಟ್ಟೆ, ಸಾಬೂನು, ಗಾರೆಗೆ ಬೇಕಾದ ಸುಣ್ಣ ಎಲ್ಲವೂ ಆ ಒಲೆಗಳಿಂದಲೇ. ಹೊಗೆಯಿಂದ ಸಾಯುವವರಿಗೆ ಇಂಥ ಸಂಘಟಿತ ಶಕ್ತಿ ಇರಲಿಲ್ಲ.

ಈವ್ಲಿನ್ ಸುಮ್ಮನೆ ಕೂರಲಿಲ್ಲ. ಅದೇ 1662ರಲ್ಲಿ ಲಂಡನ್ನಿನ ಬೀದಿಗಳನ್ನು ಸರಿಪಡಿಸುವ, ಬಾಡಿಗೆ ಕುದುರೆಗಾಡಿಗಳನ್ನು ನಿಯಂತ್ರಿಸುವ ಆಯೋಗದಲ್ಲಿ ಸದಸ್ಯನಾದ. ನೌಕಾಪಡೆಗೆ ಮರ ಸಿಗುತ್ತಿಲ್ಲ ಅಂತ ರಾಯಲ್ ಸೊಸೈಟಿ ಕೇಳಿಕೊಂಡಾಗ ಮರ ಬೆಳೆಸುವ ಬಗ್ಗೆ ಸಿಲ್ವಾ ಎಂಬ ಪುಸ್ತಕ ಬರೆದ. 1664ರಲ್ಲಿ ಪ್ರಕಟವಾದ ಅದು ರಾಯಲ್ ಸೊಸೈಟಿ ಹೊರತಂದ ಮೊಟ್ಟಮೊದಲ ಪುಸ್ತಕ. ಡಚ್ಚರ ಜೊತೆ ಯುದ್ಧ ಬಂದಾಗ ಗಾಯಗೊಂಡ ನಾವಿಕರು ಮತ್ತು ಯುದ್ಧಕೈದಿಗಳನ್ನು ನೋಡಿಕೊಳ್ಳುವ ಹೊಣೆ ಹೊತ್ತ. 1665ರ ಪ್ಲೇಗಿನಲ್ಲಿ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ತಾನು ಕೆಲಸ ಬಿಟ್ಟು ಹೋಗದೆ ಉಳಿದ.

ಬೆಂಕಿ ಕೊಟ್ಟ ಖಾಲಿ ಹಾಳೆ

1666ರ ಸೆಪ್ಟೆಂಬರ್ 2ರಂದು ಪುಡ್ಡಿಂಗ್ ಲೇನಿನ ಬೇಕರಿಯೊಂದರಲ್ಲಿ ಹತ್ತಿದ ಬೆಂಕಿ ನಾಲ್ಕೈದು ದಿನ ಉರಿದು 13,000ಕ್ಕೂ ಹೆಚ್ಚು ಮನೆಗಳನ್ನೂ 87 ಚರ್ಚುಗಳನ್ನೂ ಸುಟ್ಟಿತು. ಹಳೇ ಸೇಂಟ್ ಪಾಲ್ಸ್ ಚರ್ಚೂ ಹೋಯ್ತು. ಬೂದಿ ಇನ್ನೂ ಬಿಸಿ ಇರುವಾಗಲೇ ಕ್ರಿಸ್ಟೋಫರ್ ರೆನ್ ಹೊಸ ನಗರದ ನಕ್ಷೆ ರಾಜನಿಗೆ ಕೊಟ್ಟ. ಎರಡು ದಿನದ ನಂತರ, ಸೆಪ್ಟೆಂಬರ್ 13ಕ್ಕೆ, ಈವ್ಲಿನ್ ತನ್ನ ನಕ್ಷೆ ಕೊಟ್ಟ. ಅಗಲ ಬೀದಿಗಳು, ಚೌಕಗಳು ಇದ್ದ ಆ ನಕ್ಷೆಯಲ್ಲೂ ಐದು ವರ್ಷದ ಹಿಂದಿನ ಹಠ ಇತ್ತು. ಹೊಗೆ ಮತ್ತು ನಾತದ ಉದ್ಯಮಗಳು ನಗರದ ಆಚೆಗೆ ಹೋಗಬೇಕು. ಇದಕ್ಕಿಂತ ಒಳ್ಳೆ ಅವಕಾಶ ಸಿಗುತ್ತಾ? ಗೂಡುಗಳು ಸುಟ್ಟುಹೋಗಿವೆ, ಮತ್ತೆ ಕಟ್ಟುವಾಗ ಬೇರೆ ಕಡೆ ಕಟ್ಟಿದರಾಯ್ತು.

ಆದರೆ ನೆಲ ಯಾರದ್ದು? ಒಂದೊಂದು ತುಂಡು ನೆಲಕ್ಕೂ ಒಡೆಯ, ಗೇಣಿದಾರ, ಉಪಗೇಣಿದಾರ. ಜನಕ್ಕೆ ಚಳಿಗಾಲದೊಳಗೆ ಸೂರು ಬೇಕು. ವ್ಯಾಪಾರಿಗಳಿಗೆ ಹಳೇ ಜಾಗದಲ್ಲೇ ಅಂಗಡಿ ಬೇಕು. ಕೊನೆಗೆ ಮನೆಗಳು ಇಟ್ಟಿಗೆ, ಕಲ್ಲಿನವಾದವು, ಕೆಲವು ಬೀದಿಗಳು ಅಗಲವಾದವು, ಉಳಿದಂತೆ ನಗರ ಬಹುಪಾಲು ಹಳೇ ಬೀದಿಗಳ ಗೆರೆಯ ಮೇಲೇ ಎದ್ದಿತು. ರೆನ್‌ನ ನಕ್ಷೆಯೂ ಈವ್ಲಿನ್‌ನ ನಕ್ಷೆಯೂ ಕಪಾಟು ಸೇರಿದವು.

ಪುನರ್ನಿರ್ಮಾಣಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ಕೇಳಿ. 1667ರ ಕಾಯ್ದೆ ಲಂಡನ್ನಿಗೆ ಬರುವ ಕಲ್ಲಿದ್ದಲ ಮೇಲೆ ತೆರಿಗೆ ಹಾಕಿತು, 1670ರಲ್ಲಿ ಆ ತೆರಿಗೆ ಇನ್ನೂ ಏರಿತು. ರೆನ್ ಕಟ್ಟಿದ ಹೊಸ ಸೇಂಟ್ ಪಾಲ್ಸ್ ಎದ್ದು ನಿಂತದ್ದು ಆ ಹಣದಿಂದ. ಆಮೇಲೆ ಅದರ ಬಿಳಿ ಕಲ್ಲನ್ನು ಕರಿ ಮಾಡಿದ್ದೂ ಅದೇ ಕಲ್ಲಿದ್ದಲು. ತೆರಿಗೆ ಬರೋದು ಹೊಗೆಯಿಂದ ಅಂದಮೇಲೆ ಹೊಗೆ ಕಡಿಮೆ ಮಾಡೋ ಆಸೆ ಆಡಳಿತಕ್ಕೆ ಎಲ್ಲಿಂದ ಬರಬೇಕು?

ಕೊನೆಯ ವರ್ಷಗಳು

1683-84ರ ಚಳಿಗಾಲದಲ್ಲಿ ಥೇಮ್ಸ್ ನದಿ ಹೆಪ್ಪುಗಟ್ಟಿ, ಅದರ ಮೇಲೆ ಜಾತ್ರೆಯೇ ನಡೆಯಿತು. ಅಂಗಡಿ, ಗಾಡಿ, ಗೂಳಿ ಕಾಳಗ ಎಲ್ಲಾ. ಈವ್ಲಿನ್ ಆ ಜಾತ್ರೆಯನ್ನೂ ದಿನಚರಿಯಲ್ಲಿ ಬರೆದ, ಅದರ ಮೇಲೆ ಕವಿದ ಹೊಗೆಯನ್ನೂ ಬರೆದ. ಚಳಿಯ ಗಾಳಿ ಹೊಗೆಯನ್ನು ಮೇಲೇರಲು ಬಿಡದೆ, ಬೀದಿಯ ಈ ಕಡೆಯಿಂದ ಆ ಕಡೆ ಕಾಣುತ್ತಿರಲಿಲ್ಲ, ಉಸಿರಾಡೋಕೂ ಕಷ್ಟ ಅಂತ ಗುರುತು ಹಾಕಿಕೊಂಡ. ನೆಲದ ಹತ್ತಿರ ತಣ್ಣಗಿನ ಗಾಳಿ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂರೋ ಇನ್ವರ್ಶನ್ ಬಗ್ಗೆ ನಾವು ಓದೋದು ಇದನ್ನೇ. ಚಳಿಗಾಲದಲ್ಲಿ ದೆಹಲಿಯ ಸುದ್ದಿ ನೋಡಿದವರಿಗೆ ಈ ವರ್ಣನೆ ಹೊಸದೇನಲ್ಲ.

1685ರಲ್ಲಿ ಅವನ ಇಬ್ಬರು ಹೆಣ್ಣುಮಕ್ಕಳು, ಮೇರಿ ಮತ್ತು ಎಲಿಜಬೆತ್, ಕೆಲವೇ ತಿಂಗಳ ಅಂತರದಲ್ಲಿ ಸಿಡುಬಿಗೆ ಬಲಿಯಾದರು. 1694ರಲ್ಲಿ ಅವನು ಹುಟ್ಟೂರು ವಾಟನ್‌ಗೆ ಹೋಗಿ ನೆಲೆಸಿದ. ಬಾಡಿಗೆಗೆ ಕೊಟ್ಟ ಸೇಯ್ಸ್ ಕೋರ್ಟಿನಲ್ಲಿ 1698ರಲ್ಲಿ ಹಡಗು ಕಟ್ಟುವುದನ್ನು ಕಲಿಯಲು ಬಂದ ರಷ್ಯಾದ ದೊರೆ ಪೀಟರ್ ಉಳಿದುಕೊಂಡ. ಆ ಪರಿವಾರ ಮನೆಯನ್ನು ಗಲೀಜು ಮಾಡಿ, ತೋಟವನ್ನು ಹಾಳುಗೆಡವಿತು. ನಷ್ಟ ಅಂದಾಜು ಮಾಡಲು ಬಂದವನು ಹಳೇ ಗೆಳೆಯ ಕ್ರಿಸ್ಟೋಫರ್ ರೆನ್. ನಲವತ್ತು ವರ್ಷ ಸಾಕಿದ ಬೇಲಿಗಿಡಗಳಿಗೆ ಸರ್ಕಾರ ಪರಿಹಾರ ಕೊಟ್ಟಿತು. 1706ರ ಫೆಬ್ರವರಿ 27ರಂದು, 85ನೇ ವಯಸ್ಸಿನಲ್ಲಿ, ಈವ್ಲಿನ್ ಲಂಡನ್ನಿನಲ್ಲಿ ತೀರಿಕೊಂಡ. ಮಣ್ಣಾದದ್ದು ವಾಟನ್‌ನಲ್ಲಿ. ಅವನ ದಿನಚರಿ ಅಚ್ಚಾದದ್ದು 1818ರಲ್ಲಿ.

ಅವನ ನಕ್ಷೆಯಲ್ಲಿ ಬಿಟ್ಟುಹೋದವರು

ಇಷ್ಟು ಓದಿ ಈವ್ಲಿನ್‌ಗೆ ಕೈಮುಗಿದು ಬಿಟ್ಟರೆ ಕಥೆ ಅರ್ಧವೇ ಆಗತ್ತೆ. ಅವನ ನಕ್ಷೆಯನ್ನು ಇನ್ನೊಮ್ಮೆ ನೋಡೋಣ. ಉದ್ಯಮಗಳು ಎಲ್ಲಿಗೆ ಹೋಗಬೇಕು? ಗ್ರೀನಿಚ್ ಆಚೆಗೆ. ಅವನ ಮನೆ ಎಲ್ಲಿತ್ತು? ಡೆಪ್ಟ್‌ಫರ್ಡ್‌ನಲ್ಲಿ, ಲಂಡನ್ನಿಗೂ ಗ್ರೀನಿಚ್‌ಗೂ ನಡುವೆ. ಅಂದ್ರೆ ಪಶ್ಚಿಮದ ಗಾಳಿಗೆ ಲಂಡನ್ನಿನ ಹೊಗೆ ಬಂದು ಬೀಳುತ್ತಿದ್ದ ತೋಟ ಅವನದ್ದೇ, ಯೋಜನೆ ಜಾರಿಯಾದರೆ ಪಾರಾಗುತ್ತಿದ್ದ ತೋಟವೂ ಅವನದ್ದೇ. ಗ್ರೀನಿಚ್ ಆಚೆಯ ಜವುಗು ಪ್ರದೇಶದಲ್ಲಿ ಬದುಕುವವರ ಉಸಿರಿನ ಮಾತು ಅವನ ಲೆಕ್ಕದಲ್ಲಿಲ್ಲ. ನಗರದ ಅಂಚಿನಲ್ಲಿ ಬಡವರ ಗುಡಿಸಲುಗಳು ಹೆಚ್ಚದಂತೆ ತಡೆಯಬೇಕು ಅಂತಲೂ ಅವನು ಬರೆದ. ಹಸಿರು ಪಟ್ಟಿ ಬೇಕು, ಆದರೆ ಅಲ್ಲಿದ್ದವರು ಎಲ್ಲಿಗೆ ಹೋಗಬೇಕು?

ಮುಂದೆ ಲಂಡನ್ನಿನ ಕೈಗಾರಿಕೆಗಳು ಕಾನೂನಿನ ಬಲವಿಲ್ಲದೆಯೂ ಪೂರ್ವಕ್ಕೇ ಸರಿದವು. ಗಾಳಿಯ ಕೆಳಗಿನ ಆ ಈಸ್ಟ್ ಎಂಡ್ ಬಡವರ ಪಾಲಾಯ್ತು, ಶುದ್ಧ ಗಾಳಿಯ ಪಶ್ಚಿಮ ಶ್ರೀಮಂತರ ಪಾಲಾಯ್ತು. ಜೋನಿಂಗ್ ಅನ್ನೋದು ಹೊಗೆಯನ್ನು ಇಲ್ಲವಾಗಿಸಲ್ಲ. ಅದನ್ನು ಯಾರು ಉಸಿರಾಡಬೇಕು ಅಂತ ತೀರ್ಮಾನ ಮಾಡತ್ತೆ. ನಕ್ಷೆಯಲ್ಲಿ ನಾವು ಹಚ್ಚೋ ಒಂದೊಂದು ಬಣ್ಣಕ್ಕೂ ಈ ಹೊಣೆ ಇದೆ.

ಇನ್ನೊಂದು ವಿಷಯ. ಮನೆ ಒಲೆಗಳಿಂದ ತೊಂದರೆ ಇಲ್ಲ ಅನ್ನೋ ಅವನ ಮಾತು ಊರು ಬೆಳೆದಂತೆ ಸುಳ್ಳಾಯ್ತು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಇನ್ವರ್ಶನ್ ಮುಚ್ಚಳ ಕೂತು, ಲಕ್ಷಾಂತರ ಮನೆಗಳ ಒಲೆ ಮತ್ತು ವಿದ್ಯುತ್ ಸ್ಥಾವರಗಳ ಕಲ್ಲಿದ್ದಲ ಹೊಗೆ ಒಳಗೇ ಉಳೀತು. ಅವತ್ತಿನ ಲೆಕ್ಕದಲ್ಲೇ ಸುಮಾರು 4,000 ಜನ ಸತ್ತರು, ನಂತರದ ಅಂದಾಜುಗಳು 12,000ದವರೆಗೆ ಹೋಗುತ್ತವೆ. ಆಮೇಲೆ ಬಂದ 1956ರ ಕ್ಲೀನ್ ಏರ್ ಆ್ಯಕ್ಟ್ ನಕ್ಷೆಯಲ್ಲಿ ಪ್ರದೇಶ ಗುರುತಿಸಿ, ಅಲ್ಲಿ ಮನೆ ಚಿಮಣಿಯೂ ಸೇರಿ ಹೊಗೆ ಬಿಡಬಾರದು ಅಂತ ನಿಯಮ ಮಾಡಿತು. ಜಾಗವನ್ನೂ ಇಂಧನವನ್ನೂ ಒಟ್ಟಿಗೆ ಹಿಡಿದಾಗ ಆಕಾಶ ತಿಳಿಯಾಯ್ತು. ಈವ್ಲಿನ್ ಪುಸ್ತಕಕ್ಕೂ ಆ ಕಾನೂನಿಗೂ ನಡುವೆ 295 ವರ್ಷ.

ನಮ್ಮ ದೇಶದಲ್ಲೂ ಇದರ ಒಂದು ರೂಪ ನಡೆದಿದೆ. 1996ರ ಡಿಸೆಂಬರ್ 30ರಂದು ಸುಪ್ರೀಂ ಕೋರ್ಟ್ ತಾಜ್ ಮಹಲಿನ ಸುತ್ತಲಿನ ಸುಮಾರು 10,400 ಚದರ ಕಿಲೋಮೀಟರಿನ ತಾಜ್ ಟ್ರೆಪೀಜಿಯಂ ವಲಯದಲ್ಲಿ, ಕಲ್ಲಿದ್ದಲು ಮತ್ತು ಕೋಕ್ ಉರಿಸುತ್ತಿದ್ದ 292 ಉದ್ಯಮಗಳು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು, ಇಲ್ಲವಾದರೆ ವಲಯದ ಆಚೆ ಹೋಗಬೇಕು ಅಂತ ಆದೇಶ ಕೊಟ್ಟಿತು. ಜಾಗ ಬಿಟ್ಟು ಹೋಗುವ ಘಟಕಗಳ ಕಾರ್ಮಿಕರಿಗೆ ಸಿಗಬೇಕಾದ ಹಕ್ಕುಗಳನ್ನೂ ಆ ಆದೇಶದಲ್ಲೇ ಬರೆದಿದ್ದಾರೆ. ಈವ್ಲಿನ್ ಪುಸ್ತಕದಲ್ಲಿ ಇಲ್ಲದ ಪುಟ ಅದು.

ಈಗ ನಮ್ಮ ನಗರಗಳ ಹೊಗೆ ಬರೀ ಚಿಮಣಿಯದ್ದಲ್ಲ. ವಾಹನ, ರಸ್ತೆ ಧೂಳು, ಕಟ್ಟಡ ಕೆಲಸ, ಕಸ ಸುಡೋದು ಎಲ್ಲಾ ಇದೆ. ಮನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ ಇಟ್ಟರೆ ನಡುವಿನ ರಸ್ತೆಯೇ ಚಿಮಣಿ ಆಗತ್ತೆ. ಹಾಗಾಗಿ ಈವ್ಲಿನ್ ಥರ ಬೇರ್ಪಡಿಸೋದು ಮಾತ್ರ ಸಾಲಲ್ಲ. ಯಾವುದನ್ನು ದೂರ ಇಡಬೇಕು, ಯಾವುದನ್ನು ಹತ್ತಿರ ತರಬೇಕು ಅಂತ ಎರಡೂ ಯೋಚನೆ ಬೇಕು.

ನಮ್ಮಲ್ಲಿ ಸಿವಿಲ್‌ನವರು ಲೇಔಟ್ ಹಾಕ್ತೀರ, ಮೆಕ್ಯಾನಿಕಲ್, ಕೆಮಿಕಲ್‌ನವರು ಪ್ಲಾಂಟ್ ಡಿಸೈನ್ ಮಾಡ್ತೀರ, ಸಿಎಸ್‌ನವರು ಮ್ಯಾಪ್ ಡೇಟಾ ಹಿಡೀತೀರ. ಮುಂದಿನ ಪ್ರಾಜೆಕ್ಟಿಗೆ ಜಾಗ ಗುರುತಿಸುವಾಗ ವಿಂಡ್ ರೋಸ್ ಒಂದನ್ನು ಪಕ್ಕಕ್ಕಿಟ್ಟುಕೊಳ್ಳಿ. ಗಾಳಿ ಎಲ್ಲಿಂದ ಬರತ್ತೆ ಅಂತ ನೋಡಿ. ಆಮೇಲೆ ಅದು ಹೋಗಿ ತಲುಪೋ ಕಡೆ ಯಾರ ಮನೆಗಳಿವೆ ಅಂತಲೂ ಹೋಗಿ ನೋಡಿ ಬನ್ನಿ.